ಮಾರಾಟಕ್ಕಿದೆ ಸ್ಟಾಪ್

"ಆ ಬೋರ್ಡ್ ಕಿತ್ತಾಕಿ. ಕೂತ್ಕಳಕ್ಕೆ ಒಂದು ಕಲ್ಲು ಹಾಕಿ."

ನನ್ನ ಹೆಂಡತಿ ಕೊನೆಗೆ ಆಡಿದ ಮಾತು ಇದು.

ಬೋರ್ಡ್ ಅಂದರೆ 'ಸೈಟು ಮಾರಾಟಕ್ಕಿದೆ' ಅಂತ ನಾನು ಬರೆಸಿದ್ದು. ಕೆಳಗೆ ನನ್ನ ಫೋನ್ ನಂಬರು. ನಾವಿಬ್ಬರೂ ವಯಸ್ಸೆಲ್ಲ ಎಸ್ಟೇಟಿನ ಕೂಲಿ ಲೈನ್ ಮನೆಯಲ್ಲೇ ಕಳೆದವರು. ಸ್ವಂತದ್ದೊಂದು ಮನೆ ಆಗಲಿ ಅಂತ ಕೆ. ಹೊಸಕೋಟೆ ರಸ್ತೆ ಪಕ್ಕ ಸೈಟು ತಗೊಂಡೆವು. ಆಗ ರೇಟು ಏರುತ್ತಿತ್ತು. ನಾವು ತಗೊಂಡಿದ್ದೇ ತಡ, ಬಿತ್ತು. ಇನ್ನೂ ಬೀಳ್ತದೆ ಅಂತ ಹೆದರಿ ಬೋರ್ಡ್ ನೆಟ್ಟೆ. ಅವಳಿಗೆ ಮಾರೋದು ಬೇಡವಾಗಿತ್ತು. ನೋಡಲು ಹೋದಾಗೆಲ್ಲ, ಕಾಲು ನೋಯ್ತದೆ, ಕೂರಕ್ಕೆ ಜಾಗ ಇಲ್ಲ ಅಂತಿದ್ದಳು.

ಅವಳು ಹೋದ ಮೇಲೆ ಮಾರೋದೋ ಇಟ್ಟುಕೊಳ್ಳೋದೋ ತಿಳಿಯದೆ ಸುಮ್ಮನಿದ್ದೆ. ಬೋರ್ಡ್ ಸುಮ್ಮನಿರಲಿಲ್ಲ. ಏನಾದರೊಂದು ತಮಾಷೆ ತಂದು ಹಾಕುತ್ತಲೇ ಇತ್ತು.

ಪಾರ್ಟಿ

"ಅಣ್ಣಾ, ಪಾರ್ಟಿ ಸಿಕ್ಕೈತೆ." ಫೋನಿನಲ್ಲಿ ಬ್ರೋಕರು. ಆ ಸೈಟು ಕೊಡಿಸಿದವನೂ ಅವನೇ.

"ಯಾರೋ?"

"ನಿಮ್ಮ ಪಕ್ಕದ ಸೈಟ್‌ನೋರು."

"ಅವರೂ ಮಾರಕ್ಕೆ ಒದ್ದಾಡ್ತಾವ್ರಲ್ಲೋ."

"ಅದಕ್ಕೇ ಕಣಣ್ಣ. ಅವರದ್ದು ನೀವು ತಗಳಿ, ನಿಮ್ಮದು ಅವರು ತಗಳ್ಲಿ. ಇಬ್ಬರದೂ ಮಾರಾಟ ಆಗ್ಬುಡ್ತದೆ."

"ಇದರಲ್ಲಿ ಲಾಭ ಯಾರಿಗೋ?"

ಅವನು ದನಿ ತಗ್ಗಿಸಿ, "ನಂಗೂ ಹೆಂಡ್ತಿ ಮಕ್ಕಳವ್ರೆ ಅಣ್ಣಾ" ಅಂದ.

ಆನೆ

ಸೈಟು ನೋಡಲು ಕಾರಿನಲ್ಲಿ ಗಂಡ ಹೆಂಡತಿ ಬಂದರು. ಹೋಂಸ್ಟೇ ಕಟ್ಟೋರು.

"ಇಲ್ಲಿ ಆನೆ ಬರುತ್ತಾ?" ಗಂಡ ಕೇಳಿದರು.

ಬ್ರೋಕರು ನನ್ನ ಕಾಲು ತುಳಿದ. ಲದ್ದಿ ಎದುರಿಗೇ ಬಿದ್ದಿತ್ತು, ಸುಳ್ಳು ಹೇಗೆ ಹೇಳಲಿ? "ಬರ್ತವೆ ಸಾರ್" ಅಂದೆ.

"ಅಯ್ಯೋ, ಎಷ್ಟು ಚೆನ್ನಾಗಿದೆ! ಗೆಸ್ಟ್‌ಗಳಿಗೆ ತೋರಿಸ್ಬಹುದು. ದಿನಾ ಬರುತ್ತಾ?" ಅಂದರು ಹೆಂಡತಿ.

"ಅವು ಹೇಳಿ ಕೇಳಿ ಬರಲ್ಲ ತಾಯಿ."

ಗಂಡನ ಮುಖ ಸಪ್ಪಗಾಯಿತು. "ಗ್ಯಾರಂಟಿ ಇಲ್ಲ ಅಂದ್ಮೇಲೆ ರೇಟು ಇಳಿಸಬೇಕಾಗುತ್ತೆ ನೋಡಿ."

ಸ್ಟಾಪ್

ಕೊನೆಗೆ ನಿಜವಾದ ಪಾರ್ಟಿ ಬಂತು. ನಾನು ಕೊಟ್ಟದ್ದಕ್ಕಿಂತ ಬಹಳ ಕಡಿಮೆಗೆ ಕೇಳಿದರು. "ಸಂಜೆ ಒಳಗೆ ಹೇಳಿ ಅಣ್ಣಾ, ಇನ್ಮೇಲೆ ಯಾರೂ ಬರಲ್ಲ" ಅಂದ ಬ್ರೋಕರು. ಒಬ್ಬನಿಗೆ ಮನೆ ಯಾಕೆ, ಕೊಟ್ಟುಬಿಡೋಣ ಅನ್ನಿಸಿತು. ಬೋರ್ಡನ್ನಾದರೂ ಅವಳು ಹೇಳಿದಂಗೆ ನಾನೇ ಕೀಳೋಣ ಅಂತ ಆಲೂರಿನಲ್ಲಿ ಬಸ್ಸು ಹತ್ತಿದೆ.

ಸೈಟು ಹತ್ತಿರ ಬಂದಾಗ ಕಂಡಕ್ಟರ್ ಕೂಗಿದ: "ಯಾರ್ರೀ ಮಾರಾಟಕ್ಕಿದೆ? ಬೇಗ ಇಳೀರಿ!"

ಗೋಣಿಚೀಲ ಹಿಡಿದ ಅಜ್ಜಿಯೊಂದು ಎದ್ದಿತು. "ನಾನು ಕಣಪ್ಪ ಮಾರಾಟಕ್ಕಿದೆ. ತಡಿ!"

ಹಿಂದೆ ನಾನೂ ಇಳಿದೆ. ಸೈಟು ಮಾರಾಟವಾಗದೆ ಬೋರ್ಡು ನಿಂತು ನಿಂತು, ಆ ಜಾಗಕ್ಕೆ ಅದೇ ಹೆಸರಾಗಿ ಹೋಗಿತ್ತು.

ಬೋರ್ಡಿಗೆ ಕೈ ಹಾಕಿದೆ. ಅಜ್ಜಿ ಚೀಲ ಕೆಳಗಿಟ್ಟಿತು. "ಏಯ್, ನಮ್ಮ ಸ್ಟಾಪ್ ಯಾಕೋ ಕೀಳ್ತೀಯ?"

"ನಂದೇ ಬೋರ್ಡು ಕಣಜ್ಜಿ."

"ನಿಂದಾದ್ರೆ? ಮಂಜಲ್ಲಿ ಡ್ರೈವರ್‌ಗೆ ಇದೊಂದೇ ಕಾಣಾದು. ಇದಿಲ್ದಿದ್ರೆ ಬಸ್ ನಿಲ್ಸಲ್ಲ." ಆಮೇಲೆ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಇಷ್ಟು ದೊಡ್ಡ ಬೋರ್ಡ್ ಹಾಕ್ದೋನು, ಕೂತ್ಕಳಕ್ಕೆ ಒಂದು ಕಲ್ಲು ಹಾಕ್ಬಾರ್ದಿತ್ತಾ ಮಾರಾಯ?"

ಬೋರ್ಡಿಂದ ಕೈ ತೆಗೆದೆ.

ಸಂಜೆ ಬ್ರೋಕರು ಫೋನ್ ಮಾಡಿದ. "ಪಾರ್ಟಿಗೆ ಏನ್ ಹೇಳ್ಲಿ ಅಣ್ಣಾ?"

"ಮಾರಲ್ಲ ಕಣೋ."

"ಹಂಗಾರೆ ಬೋರ್ಡ್ ತೆಗೀರಿ."

"ಅದೂ ಆಗಲ್ಲ. ಬಸ್ ನಿಲ್ಬೇಕು."

"ಅಣ್ಣಾ, ಊಟ ಮಾಡಿದ್ರಾ?" ಅಂದ.

ಮಾರನೆ ದಿನ ಬೆಳಿಗ್ಗೆ ಎಸ್ಟೇಟ್ ಜೀಪಿನಲ್ಲಿ ಒಂದು ಚಪ್ಪಡಿ ಕಲ್ಲು ತಂದು ಬೋರ್ಡಿನ ಕೆಳಗೆ ಹಾಕಿಸಿದೆ. ಫೋನ್ ನಂಬರು ಮಾತ್ರ ಕಾಣದಂಗೆ ಬಣ್ಣ ಬಳಿದೆ. ಕಲ್ಲಿನ ಮೇಲೆ, ಪಕ್ಕದಲ್ಲಿ ಒಬ್ಬರಿಗೆ ಜಾಗ ಬಿಟ್ಟು ಕೂತೆ.

ಬಸ್ಸು ಬಂದು ನಿಂತಿತು. "ಎಲ್ಲಿಗೆ ಯಜಮಾನ್ರೆ?" ಅಂದ ಕಂಡಕ್ಟರ್.

"ಎಲ್ಲಿಗೂ ಇಲ್ಲ. ಇಲ್ಲಿಗೇ ಬಂದಿದ್ದು."

"ಹಂಗಾರೆ ಬೋರ್ಡ್ ಕೆಳಗೆ ಕೂರಬೇಡಿ. ಯಾರಾದ್ರೂ ನಿಮ್ಮ ರೇಟು ಕೇಳಾರು," ಅಂದು, ರೈಟ್ ಅಂತ ಬಾಗಿಲು ತಟ್ಟಿದ.

ನಾನು ಕೂತೇ ಇದ್ದೆ.