ಮಾರ್ಬೊ ಮಹಾಶಯರ ಜೀವನ ಮತ್ತು ಸಾಧನೆ

ಫ್ರಾನ್ಸಿನ ನಾಟಕಕಾರ ಶ್ರೀ ಎತಿಯೆನ್ ಮಾರ್ಬೊ ಅವರು ಕ್ರಿ.ಶ. 1791ರಲ್ಲಿ ಜನಿಸಿದ್ದು 1984ರ ಆಗಸ್ಟ್ ತಿಂಗಳಲ್ಲಿ, ಅಮೆರಿಕದ ಸಾಂಟಾ ಕ್ಲಾರಾದ ಒಂದು ಅಪಾರ್ಟ್‌ಮೆಂಟಿನ ಅಡುಗೆಮನೆಯಲ್ಲಿ. ಆಗ ಶ್ರೀಕಂಠ ಉಪ್ಪಿಟ್ಟು ತಿನ್ನುತ್ತಿದ್ದ.

ಚಿಪ್ ಕಂಪನಿಯ ಎಂಜಿನಿಯರಾದ ಶ್ರೀಕಂಠ ಎರಡು ವರ್ಷ ಕೂತು ಒಂದು ನಾಟಕ ಬರೆದಿದ್ದ. ಊರಿನ ಕನ್ನಡ ಬಳಗದ ರಾಜ್ಯೋತ್ಸವದಲ್ಲಿ ಅದನ್ನು ಆಡಬೇಕು, ಮೈಕಿನಲ್ಲಿ ‘ರಚನೆ: ಶ್ರೀಕಂಠ’ ಎಂದು ಕೂಗಬೇಕು. ಅವನ ಬಾಳಿನ ಆಸೆ ಇಷ್ಟೇ. ಆದರೆ ಬಳಗದ ನಿಯಮ ಹದಿನಾಲ್ಕರ ಪ್ರಕಾರ ‘ಜೀವಂತ ವ್ಯಕ್ತಿಗಳ ನಾಟಕಗಳನ್ನು ಆಡತಕ್ಕದ್ದಲ್ಲ.’ ಒಬ್ಬರದನ್ನು ಆಡಿದರೆ ಉಳಿದ ಅರವತ್ತು ಮನೆಯವರೂ ಬರೆಯಲು ಕೂರುತ್ತಾರೆಂಬುದು ಬಳಗದ ಕಹಿ ಅನುಭವ.

“ರೀ, ಯಾರಾದ್ರೂ ಸತ್ತೋರ ಹೆಸರು ಹಾಕ್ಬಿಡಿ. ನಾಟಕ ಗೆದ್ಮೇಲೆ ನಿಜ ಹೇಳಿದ್ರಾಯ್ತು” ಎಂದಳು ಇಂದು, ಅವನ ಹೆಂಡತಿ.

ಕನ್ನಡದವರನ್ನು ಸಾಯಿಸಿದರೆ ಬಳಗದಲ್ಲಿ ಅವರ ದಾಯಾದಿಗಳು ಇದ್ದೇ ಇರುತ್ತಾರೆ. ಹಾಗಾಗಿ ಫ್ರಾನ್ಸು. ಶ್ರೀಕಂಠ ಬರೀ ಅನುವಾದಕನಾದ.

ಅಧ್ಯಕ್ಷ ದ್ವಾರಕಾನಾಥರು ಅರ್ಜಿ ಓದಿ, “ಇವರು ಒಟ್ಟು ಎಷ್ಟು ನಾಟಕ ಬರೆದಿದಾರೆ?” ಎಂದರು.

“ಮುನ್ನೂರ ಎಪ್ಪತ್ನಾಲ್ಕು ಸಾರ್” ಎಂದ ಶ್ರೀಕಂಠ, ಬಾಯಿಗೆ ಬಂದಂತೆ.

“ಹೌದೌದು, ನಾನೂ ಕೆಲವು ಓದಿದೀನಿ. ಇದರಲ್ಲಿ ಪಾತ್ರ ಎಷ್ಟು?”

“ಐದು.”

“ಅರವತ್ತೊಂದು ಮಾಡ್ಕೊಳ್ಳಿ. ಮನೆಗೊಂದು ಪಾತ್ರ ಕೊಡದಿದ್ರೆ ಮೆಂಬರ್‌ಶಿಪ್ಪು ಬಿಡ್ತಾರೆ. ಮಾರ್ಬೊ ಬೇಡ ಅನ್ನಲ್ಲ.”

ಸ್ಯಾನ್ ಹೊಸೆಯ ಶಾಲೆಯೊಂದರ ಸಭಾಂಗಣದಲ್ಲಿ ನಾಟಕ ನಡೆಯಿತು. ವೇದಿಕೆಯ ಮೇಲೆ ಅರವತ್ತೊಂದು ಜನ, ಕೆಳಗೆ ಐವತ್ತು. ಆ ಐವತ್ತು ಜನವೂ ನಕ್ಕರು, ಅತ್ತರು. ಶ್ರೀಕಂಠನ ಎದೆ ತುಂಬಿಬಂತು. ಕಾರ್ಯದರ್ಶಿ ವೇದವತಿಯವರು ಮಾತ್ರ, “ನಿಮ್ಮ ಟ್ರಾನ್ಸ್‌ಲೇಷನ್ನು ಸ್ವಲ್ಪ ಸಪ್ಪೆ ಆಯ್ತು ಶ್ರೀಕಂಠ. ಒರಿಜಿನಲ್ಲಿನ ರುಚಿನೇ ಬೇರೆ” ಎಂದರು.

ಅವನಿಗೆ ಹೊಟ್ಟೆ ಉರಿದುಹೋಯಿತು. ಮುಂದಿನ ಸಭೆಯಲ್ಲಿ ಎದ್ದು ನಿಂತು, “ಒರಿಜಿನಲ್ಲೂ ಇಲ್ಲ, ಮಾರ್ಬೊನೂ ಇಲ್ಲ. ಬರೆದೋನು ನಾನು” ಎಂದ.

ಯಾರೂ ತಲೆಯೆತ್ತಲಿಲ್ಲ. ಅಷ್ಟು ಹೊತ್ತಿಗೆ ಮಾರ್ಬೊ ಅವರ ಇನ್ನೂ ಹದಿನೇಳು ನಾಟಕಗಳ ಅನುವಾದಗಳು ಸಮಿತಿಗೆ ಬಂದಿದ್ದವು. ಅವುಗಳಲ್ಲಿ ಮೂರು ಅಧ್ಯಕ್ಷರವೇ. ವಾರದೊಳಗೆ ಸುತ್ತೋಲೆ ಹೊರಟಿತು: ‘ಶ್ರೀ ಮಾರ್ಬೊ ಅವರು ಇರಲಿಲ್ಲವೆಂದು ವಾದಿಸುವ ಸದಸ್ಯರು, ಆ ಬಗ್ಗೆ ಸ್ವತಃ ಶ್ರೀ ಮಾರ್ಬೊ ಅವರ ಸಹಿಯುಳ್ಳ ಪತ್ರವನ್ನು ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು.’

ಮಿಲ್ಪಿಟಾಸಿನಲ್ಲಿ ಮಾರ್ಬೊ ಜಯಂತಿ ನಡೆಯಿತು. ಭಾವಚಿತ್ರಕ್ಕೆ ಹಾರ ಬಿತ್ತು. ಜೀವನ ಮತ್ತು ಸಾಧನೆಯ ಬಗ್ಗೆ ಮಾತಾಡಲು ವಿಷಯತಜ್ಞನಾದ ಶ್ರೀಕಂಠನನ್ನೇ ಕರೆದರು. ಮುಕ್ಕಾಲು ಗಂಟೆ ಮಾತಾಡಿ, ಕೊನೆಗೆ ಹೇಳಿದ: “ಅವರ ಹೆಸರಲ್ಲಿರೋ ಒಳ್ಳೇ ನಾಟಕ ಬರೆದೋನು ಅವರ ಒಬ್ಬ ಸಹಾಯಕ. ಅವನ ಹೆಸರನ್ನ ಯಾರೂ ಹೇಳಲಿಲ್ಲ.”

ದ್ವಾರಕಾನಾಥರು ಪೆನ್ನು ತೆಗೆದರು. “ಹೆಸರೇನು?”

“ಶ್ರೀಕಂಠ.”

“ಸತ್ತಿದಾನಾ?”

ಶ್ರೀಕಂಠ ಹೆಂಡತಿಯ ಕಡೆ ನೋಡಿದ. ಇಂದು ಹೂಂ ಎಂಬಂತೆ ತಲೆಯಾಡಿಸಿದಳು.

“ಸತ್ತಿದಾನೆ ಸಾರ್.”

“ಹಾಗಾದ್ರೆ ರೂಲ್ಸ್ ಪ್ರಕಾರ ಅಡ್ಡಿಯಿಲ್ಲ.”

1985ರ ರಾಜ್ಯೋತ್ಸವದಲ್ಲಿ ಅದೇ ನಾಟಕವನ್ನು ಮತ್ತೆ ಆಡಿದಾಗ ಮೈಕು ಕೂಗಿತು: “ರಚನೆ: ದಿವಂಗತ ಶ್ರೀಕಂಠ.” ವೇದವತಿಯವರು ಇಂದುವಿನ ಕೈ ಹಿಡಿದು ಸಮಾಧಾನ ಹೇಳಿದರು. ಮೃತರ ಗೌರವಾರ್ಥ ಒಂದು ನಿಮಿಷ ಮೌನ ಆಚರಿಸಲಾಯಿತು. ಶ್ರೀಕಂಠನೂ ಎದ್ದು ನಿಂತ.