ಮಗ್ಗ ಹೋಗುವ ತನಕ ಒಂದು ಪ್ರವಾಸ

ನಮ್ಮ ಮನೆಯವರು ಒಂದು ಊರಿಗೆ ಅಂತ ಹೊರಟು, ಆ ಊರಷ್ಟನ್ನೇ ನೋಡಿ ವಾಪಸ್ ಬಂದದ್ದು ನಾನು ಸೊಸೆಯಾಗಿ ಬಂದಮೇಲಂತೂ ಇಲ್ಲ. ಮದುವೆಗೆ ಹೊರಟವರು ಆಸ್ಪತ್ರೆ ನೋಡಿಕೊಂಡು ಬಂದಿದ್ದೇವೆ. ಆಸ್ಪತ್ರೆಗೆ ಹೊರಟವರು ಯಾರದೋ ಗೃಹಪ್ರವೇಶದಲ್ಲಿ ಉಂಡು ಬಂದಿದ್ದೇವೆ. ಈಗ ಹೇಳುವ ಪ್ರವಾಸ ಮಾತ್ರ ಅವುಗಳ ಹಾಗಲ್ಲ. ಏನನ್ನೋ ನೋಡುವುದಕ್ಕೆ ನಾವು ಹೊರಡಲಿಲ್ಲ, ಒಂದನ್ನು ನೋಡದೇ ಇರುವುದಕ್ಕೆ ಹೊರಟೆವು.

ನಮ್ಮದು ದೊಡ್ಡಬಳ್ಳಾಪುರ. ಮಾವನವರು ಜೀವಮಾನವೆಲ್ಲ ಪವರ್‌ಲೂಮಿನಲ್ಲಿ ಸೀರೆ ನೇಯ್ದವರು. ಅಡುಗೆಮನೆಯ ಹಿಂದಿನ ಬಾಗಿಲು ದಾಟಿದರೆ ಮಗ್ಗದ ಮನೆ. ಅದರ ಸದ್ದಿಗೆ ಅವರ ಕಿವಿ ಮುಕ್ಕಾಲು ಹೋಗಿದೆ. ಈಚೆಗೆ ಎದೆಯೂ ಕಟ್ಟಿಕೊಳ್ಳುವುದಕ್ಕೆ ಶುರುವಾಯಿತು. ಇನ್ನು ಆ ಧೂಳಿನಲ್ಲಿ ನಿಲ್ಲಲೇಬಾರದು ಅಂದರು ಡಾಕ್ಟರು. ಉಳಿದಿದ್ದ ಒಂದೇ ಒಂದು ಹಳೇ ಮಗ್ಗವನ್ನು ಕೊಳ್ಳುವ ನೇಕಾರರು ಸಿಗಲಿಲ್ಲ, ಗುಜರಿಯವರು ಸಿಕ್ಕರು. ಮಾವ ಒಪ್ಪಿದರು. ಒಪ್ಪಿ ಒಂದು ಮಾತು ಹೇಳಿದರು.

"ಕೊಡ್ರಪ್ಪ, ಬೇಡ ಅನ್ನಲ್ಲ. ಅದು ಬಾಗಿಲು ದಾಟೋದು ಮಾತ್ರ ನನ್ನ ಕಣ್ಣಿಗೆ ಬೀಳಬಾರದು. ಆವತ್ತು ನನ್ನ ಎಲ್ಲಾದ್ರೂ ಕರ್ಕೊಂಡ್ ಹೋಗ್ಬಿಡಿ. ಹೋಯ್ತಾ, ಇದೆಯಾ ಅನ್ನೋ ಸುದ್ದಿನೂ ನನ್ನ ಕಿವಿಗೆ ಹಾಕ್ಬೇಡಿ."

ಅಂಥ ಮನುಷ್ಯ ಕೇಳಿದ್ದು ಅದೊಂದೇ. ಅದನ್ನಾದರೂ ಸರಿಯಾಗಿ ನಡೆಸಿಕೊಡಬೇಕು ಅಂತ ನಾನೂ ನನ್ನ ಗಂಡನೂ ಮಾತಾಡಿಕೊಂಡೆವು. ಘಾಟಿ ದೇವಸ್ಥಾನಕ್ಕೆ ಹೋಗಿ ದರ್ಶನ ಮುಗಿಸಿಕೊಂಡು ಊಟದ ಹೊತ್ತಿಗೆ ಬರುವುದು, ಅಷ್ಟರಲ್ಲಿ ಮೈದುನ ಮನೆಯಲ್ಲಿದ್ದು ಮಗ್ಗವನ್ನು ಟೆಂಪೋಗೆ ಹತ್ತಿಸಿ ಕಳಿಸುವುದು ಅಂತ ತೀರ್ಮಾನವಾಯಿತು.

ಬರ್ತೀನಿ

ಹೊರಡುವಾಗ ಎಲ್ಲರೂ ಕಾರಿನಲ್ಲಿ ಕೂತೆವು. ಮಾವ ಬರಲಿಲ್ಲ. ನಾನು ಒಳಗೆ ಹೋಗಿ ನೋಡಿದರೆ ಮಗ್ಗದ ಮನೆಯಲ್ಲಿ ನಿಂತಿದ್ದಾರೆ. ಮಗ್ಗದ ಮೇಲೆ ಬೆಡ್‌ಶೀಟ್ ಹೊದಿಸಿತ್ತು. ಅದರಡಿ ಕೈ ಹಾಕಿ ಮರವನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ದಿನಾ ರಾತ್ರಿ ಮಗ್ಗ ನಿಲ್ಲಿಸಿದಾಗ ಹೇಳುತ್ತಿದ್ದ ಹಾಗೇ "ಬರ್ತೀನಿ" ಅಂದರು. ಅಂದಮೇಲೆ ಅವರಿಗೇ ಹೊಳೆಯಿತೇನೋ, ಸುಮ್ಮನೆ ತಲೆ ತಗ್ಗಿಸಿದರು.

ನನ್ನ ಹಿಂದೆಯೇ ಬಂದಿದ್ದ ಅತ್ತೆಗೆ ಕಣ್ಣು ತುಂಬಿತ್ತು. ಆದರೆ ಅವರ ಬಾಯಿ ಅವರ ಕಣ್ಣಿನ ಮಾತು ಕೇಳುವುದಿಲ್ಲ.

"ನೋಡಿದ್ಯೇನೇ," ಅಂದರು ನನಗೆ. "ಕಬ್ಬಿಣಕ್ಕೆ ದಿನಾ ಹೇಳ್ತಾರೆ. ಕಟ್ಕೊಂಡು ಬಂದಾಗಿಂದ ನನಗೊಂದು ದಿನ ಬರ್ತೀನಿ ಅಂತ ಹೇಳಿ ಹೊಸ್ತಿಲು ದಾಟಿದೋರಲ್ಲ!"

ಘಾಟಿಯ ಸಾಲಿನಲ್ಲಿ

ಘಾಟಿಯಲ್ಲಿ ದರ್ಶನದ ಸಾಲು ಉದ್ದವಿತ್ತು. ನಮ್ಮ ಮುಂದೆ ಒಬ್ಬರು ಹೆಂಗಸು ಒಳ್ಳೇ ರೇಷ್ಮೆ ಸೀರೆಯುಟ್ಟು ನಿಂತಿದ್ದರು. ಸೆರಗು ಹಿಂದಕ್ಕೆ ಇಳಿಬಿದ್ದಿತ್ತು. ಮಾವ ಎಲ್ಲೋ ಯೋಚನೆಯಲ್ಲಿದ್ದವರು ಕೈ ಮುಂದೆ ಮಾಡಿ ಆ ಸೆರಗಿನ ತುದಿ ಹಿಡಿದು, ಹೆಬ್ಬೆರಳಲ್ಲಿ ಉಜ್ಜಿ, ತಿರುಗಿಸಿ ಒಳಮೈ ನೋಡಿದರು. ಸೀರೆ ಕಂಡರೆ ಅವರ ಕೈ ಅವರನ್ನು ಕೇಳುವುದಿಲ್ಲ. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ, ಅದಕ್ಕೆ ಅಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ. ಘಾಟಿಯಲ್ಲಿ ತಿಳಿದರು.

"ಏನ್ ಯಜಮಾನ್ರೇ ಇದು? ವಯಸ್ಸಾಗಿಲ್ವಾ ನಿಮಗೆ?" ಅಂತ ಆ ಹೆಂಗಸು ತಿರುಗಿಬಿದ್ದರು.

ಮಾವ ಮಗ್ಗದ ಮನೆಯಲ್ಲಿ ಮಾತಾಡುವ ದನಿಯಲ್ಲೇ ಉತ್ತರ ಕೊಟ್ಟರು. "ಅಂಚಲ್ಲಿ ಎಳೆ ಬಿಟ್ಟಿದೆ ನೋಡಮ್ಮಾ! ನೋಡ್ದೆ ತಗೊಂಡಿದ್ದೀಯ!"

ಇಡೀ ಸಾಲು ತಿರುಗಿ ಆ ತಾಯಿಯ ಸೀರೆ ನೋಡಿತು. ನನ್ನ ಗಂಡ ಕೈಮುಗಿದು ಏನೋ ಹೇಳಲು ಹೋದರು. ಅಷ್ಟರಲ್ಲಿ ಅತ್ತೆ ನುಗ್ಗಿ ಬಂದು ಆಕೆಯ ತೋಳು ಹಿಡಿದರು.

"ತಪ್ಪು ತಿಳ್ಕೋಬೇಡಮ್ಮ. ಇವರು ಹೆಂಗಸರನ್ನ ನೋಡೋರಲ್ಲ, ಸೀರೆ ನೋಡೋರು. ನನ್ನ ಮೊಕ ಹೆಂಗಿದೆ ಅಂತ ಕೇಳು, ಗೊತ್ತಿಲ್ಲ. ಧಾರೆ ದಿನ ನಾನು ಉಟ್ಟಿದ್ದ ಸೀರೆ ಬುಟ್ಟಾ ಕೇಳು, ಹೇಳ್ತಾರೆ!"

ಕೋಟೆಯಲ್ಲಿ ಜಾಗ

ದರ್ಶನ ಮುಗಿಸಿ ಹೊರಗೆ ಬಂದಾಗ ಮೈದುನನ ಫೋನ್ ಬಂತು. ಟೆಂಪೋ ದಾಬಸ್‌ಪೇಟೆಯಲ್ಲಿ ಲೋಡ್ ಇಳಿಸುತ್ತಿದೆಯಂತೆ, ಇನ್ನೂ ಹೊರಟಿಲ್ಲವಂತೆ. ಈಗ ಮನೆಗೆ ಹೋದರೆ ಎಲ್ಲವೂ ಮಾವನ ಕಣ್ಣೆದುರಿಗೇ ಆಗುತ್ತದೆ. ನನ್ನ ಗಂಡ ಮುಖದಲ್ಲಿ ಇಲ್ಲದ ಉತ್ಸಾಹ ತಂದುಕೊಂಡು, "ಅಪ್ಪಾ, ಹೆಂಗೂ ಬಂದಿದ್ದೀವಿ, ದೇವನಹಳ್ಳಿ ಕೋಟೆ ನೋಡ್ಕೊಂಡು ಹೋಗೋಣ" ಅಂತ ಕೂಗಿದರು. ಮಾವ ತಲೆಯಾಡಿಸಿದರು.

ಕೋಟೆಯಲ್ಲಿ ಗಂಡ ಬುರುಜು ತೋರಿಸಿದರು, ಗೋಡೆಯ ದಪ್ಪ ತೋರಿಸಿದರು. ತಲೆಯ ಮೇಲೆ ವಿಮಾನ ಹೋದರೆ ಅದನ್ನೂ ಕೋಟೆಗೇ ಸೇರಿದ್ದು ಅನ್ನುವ ಹಾಗೆ ತೋರಿಸಿದರು. ಮಾವ ಯಾವುದಕ್ಕೂ ಹೂಂ ಅನ್ನಲಿಲ್ಲ. ಗೋಡೆಯಿಂದ ಗೋಡೆಗೆ ನಿಧಾನವಾಗಿ ನಡೆದರು. ಮತ್ತೆ ಅಡ್ಡಕ್ಕೆ ನಡೆದರು. ಹಳೆಯ ಕಾಲದ ದೊರೆಗಳನ್ನೇ ನೆನೆಯುತ್ತಿದ್ದಾರೆ ಅಂತ ನಮಗೆ ಸಮಾಧಾನವಾಯಿತು. ಕೊನೆಗೆ ಗಂಡನ ಹೆಗಲ ಮೇಲೆ ಕೈಯಿಟ್ಟು ಅಂದರು. "ಗಾಳಿ ಬೆಳಕು ಚೆನ್ನಾಗೈತೆ. ಮೇಲೆ ತಗಡಿನ ಶೀಟ್ ಹೊದಿಸಿದ್ರೆ ಎಷ್ಟು ಮಗ್ಗ ಹಾಕಬೋದಿತ್ತು ನೋಡು. ದಂಡಿಟ್ಕೊಂಡು ಸುಮ್ನೆ ಜಾಗ ಹಾಳುಮಾಡಿದಾರೆ."

ಮಾವ, ಅತ್ತೆ ಕಾರಿನಲ್ಲಿ ಕೂತರು. ಅಷ್ಟರಲ್ಲಿ ಮತ್ತೆ ಫೋನ್. ಸುದ್ದಿ ಅವರ ಕಿವಿಗೆ ಬೀಳಬಾರದಲ್ಲ, ನಾವಿಬ್ಬರೂ ಕಾರಿನ ಮುಂದೆ ದೂರ ಹೋಗಿ ನಿಂತು ಪಿಸುಗುಟ್ಟಿದೆವು.

"ಟೆಂಪೋ ಪಂಕ್ಚರ್ ಅಂತೆ ಕಣೇ. ಸ್ಟೆಪ್ನಿನೂ ಇಲ್ವಂತೆ."

"ಅಯ್ಯೋ, ಈಗ ಮಾವನಿಗೆ ಏನ್ರೀ ಹೇಳೋದು?"

"ಬೂದಿಗೆರೆಗೆ ಹೋಗೋಣ. ನಿಮ್ಮಮ್ಮನಿಗೆ ಹುಷಾರಿಲ್ಲ, ನೋಡ್ಕೊಂಡು ಬರೋಣ ಅಂತ ಹೇಳಿದ್ರಾಯ್ತು."

ಬಂದು ಬಾಗಿಲು ತೆಗೆದೆವು. ಗಂಡ ಬಾಯಿ ತೆರೆಯುವ ಮುಂಚೆ ಮಾವನೇ ಹೇಳಿದರು.

"ನಡೀರಿ, ಬೂದಿಗೆರೆಗೆ ಹೋಗೋಣ. ಬೀಗಿತ್ತಿಗೆ ಹುಷಾರಿಲ್ಲ ಅಂತ ಮಾತ್ರ ಹೇಳ್ಬೇಡ ಕಣೋ, ಅಪಶಕುನ. ಪಾಪ, ಸ್ಟೆಪ್ನಿ ಇಲ್ದೆ ಯಾವನಪ್ಪಾ ಗಾಡಿ ಓಡಿಸ್ತಾನೆ?"

ಆಗ ನೆನಪಾಯಿತು. ಮಗ್ಗ ಓಡುವಾಗ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲ, ತುಟಿ ನೋಡಿಯೇ ಮಾತು ತಿಳಿಯಬೇಕು. ಅದನ್ನು ಜೀವಮಾನವೆಲ್ಲ ಮಾಡಿದ ಮನುಷ್ಯನ ಎದುರು, ಕಾರಿನ ಗಾಜಿನ ಮುಂದೆ ಟೀವಿಯಲ್ಲಿ ಕಾಣುವ ಹಾಗೆ ನಿಂತು, ನಾವು ಗುಟ್ಟು ಮಾತಾಡಿದ್ದೆವು. ಕಿವಿಗೆ ಬೀಳಬಾರದು ಅಂದಿದ್ದರು, ಬೀಳಲಿಲ್ಲ.

ಬೂದಿಗೆರೆಯ ನಿದ್ದೆ

ಬೂದಿಗೆರೆ ನನ್ನ ತವರು. ನಮ್ಮಪ್ಪ ಇದ್ದಾಗ ಅಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದರು. ಈಗ ಅಮ್ಮ ಇದ್ದಾಳೆ. ಹೇಳದೆ ಕೇಳದೆ ಬೀಗರು ಬಾಗಿಲಲ್ಲಿ ನಿಂತರೆ ಯಾರಿಗಾದರೂ ಗಾಬರಿಯೇ. ಆದರೂ ಅಮ್ಮ ಅನ್ನ, ಸಾರು, ಹಪ್ಪಳ ಮಾಡಿ ಬಡಿಸಿದಳು. ಊಟವಾದ ಮೇಲೆ ಮಾವನಿಗೆ ನಡುಮನೆಯಲ್ಲಿ ಚಾಪೆ ಹಾಕಿದೆವು.

ಮಾವ ಮಲಗಿದರು, ಎದ್ದು ಕೂತರು, ಮತ್ತೆ ಮಲಗಿದರು. ಮಗ್ಗ ನಿಂತ ದಿನದಿಂದ ಅವರಿಗೆ ಸರಿಯಾಗಿ ನಿದ್ದೆಯಿಲ್ಲ ಅಂತ ಅತ್ತೆ ಅಡುಗೆಮನೆಯಲ್ಲಿ ಅಮ್ಮನಿಗೆ ಹೇಳಿದರು. ಮೊದಲು ಊಟ ಮಾಡಿ ಒರಗಿದರೆ ಪಕ್ಕದಲ್ಲೇ ನಮ್ಮ ಮಗ್ಗ ಹೊಡೆದುಕೊಳ್ಳುತ್ತಿದ್ದರೂ ಗೊರಕೆ ಹೊಡೆಯುತ್ತಿದ್ದರು. ಈಗ ರಾತ್ರಿಯೆಲ್ಲ ಸೂರು ನೋಡುತ್ತಾರೆ. ಹೇಳುತ್ತಾ ಅತ್ತೆ ಅತ್ತೇಬಿಟ್ಟರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಮ್ಮನಿಗೆ ಏನು ಸಮಾಧಾನ ಹೇಳಬೇಕೋ ತೋಚಲಿಲ್ಲ. ನೆನೆಹಾಕಿದ್ದ ದೋಸೆ ಅಕ್ಕಿಯನ್ನು ಹಳೇ ಗ್ರೈಂಡರಿಗೆ ಸುರಿದು ಸ್ವಿಚ್ ಹಾಕಿದಳು. ಆ ಗ್ರೈಂಡರು ತಿರುಗಿದರೆ ಗೋಡೆಯ ಪಾತ್ರೆಗಳೆಲ್ಲ ಕುಣಿಯುತ್ತವೆ. ಇಣುಕಿ ನೋಡಿದರೆ ಮಾವ ಬಾಯಿ ತೆರೆದು ಗಾಢವಾಗಿ ನಿದ್ದೆ ಹೋಗಿದ್ದರು.

ಹಿಟ್ಟು ನುಣ್ಣಗಾಯಿತು. ಅಮ್ಮ ಸ್ವಿಚ್ ಆರಿಸಿದಳು. ಮಾವ ದಡಕ್ಕನೆ ಎದ್ದು ಕೂತು, "ಕರೆಂಟ್ ಹೋಯ್ತಾ?" ಅಂದರು.

ಅಮ್ಮ ಇನ್ನಷ್ಟು ಅಕ್ಕಿ ತೊಳೆದು ಹಾಗೇ ಗ್ರೈಂಡರಿಗೆ ಸುರಿದಳು. ಅದು ಮುಗಿದರೆ ಇನ್ನಷ್ಟು. ಬಿಸಿಲು ಇಳಿಯುವ ತನಕ ಮಾವ ಮಗುವಿನ ಹಾಗೆ ಮಲಗಿದರು. ನಮ್ಮಮ್ಮನ ಬೀದಿಯಲ್ಲಿ ಆ ವಾರವೆಲ್ಲ ಯಾರ ಮನೆಯಲ್ಲೂ ದೋಸೆಗೆ ಅಕ್ಕಿ ನೆನೆಹಾಕಲಿಲ್ಲವಂತೆ.

ಬೆಡ್‌ಶೀಟ್

ಸಂಜೆ ಮೈದುನ ಫೋನ್ ಮಾಡಿದ. "ಅಣ್ಣಾ, ಹೊರಟ್ತು. ಇನ್ನು ಆರಾಮಾಗಿ ಬನ್ನಿ." ಈ ಸಲ ನಾವು ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿಕೊಂಡೆವು. ಒಂದನ್ನು ಮಾತ್ರ ಕೇಳಲಿಲ್ಲ. ಟೆಂಪೋ ಯಾವ ದಾರಿಯಲ್ಲಿ ಹೊರಟಿತು ಅಂತ.

ದೇವನಹಳ್ಳಿ ದಾಟಿ ದೊಡ್ಡಬಳ್ಳಾಪುರದ ಕಡೆಗೆ ಬರುವಾಗ ಒಂದು ಕಡೆ ರಸ್ತೆ ಅಗೆದಿದ್ದರು. ಕೆಂಪು ಬಟ್ಟೆ ಹಿಡಿದವನು ಎರಡೂ ಕಡೆಯ ಗಾಡಿಗಳನ್ನು ಒಟ್ಟಿಗೇ ಬಿಟ್ಟು, ಯಾವುದೂ ಮುಂದೆ ಹೋಗದ ಹಾಗಾಯಿತು. ನಮ್ಮ ಕಾರಿನ ಪಕ್ಕಕ್ಕೇ ಒತ್ತಿಕೊಂಡು ಒಂದು ಟೆಂಪೋ ನಿಂತಿತು. ನಾನು ತಲೆಯೆತ್ತಿ ನೋಡಿದೆ. ಬಿಚ್ಚಿ ಪೇರಿಸಿದ ಕಬ್ಬಿಣ, ಎಣ್ಣೆ ಕುಡಿದ ಮರ, ಎಲ್ಲ ನಮ್ಮದೇ. ಗಂಡನೂ ನೋಡಿದರು. ಮಾವ ಆ ಕಡೆಯ ಕಿಟಕಿಯಲ್ಲಿ ಹೊಲ ನೋಡುತ್ತಾ ಕೂತಿದ್ದರು. ಇನ್ನೊಂದು ಸ್ವಲ್ಪ ಹೊತ್ತು ಅವರು ಹಾಗೇ ಕೂತಿದ್ದರೆ ಸಾಕು ಅಂತ ನಾನು ಘಾಟಿಯ ದೇವರಿಗೆ ಹರಕೆ ಹೊತ್ತೆ.

ಆಗ ಅತ್ತೆ ಮಾವನ ತೊಡೆಗೆ ರಪ್ಪನೆ ಹೊಡೆದು ಚೀರಿದರು. "ಅಯ್ಯೋ, ನೋಡ್ರೀ! ನನ್ನ ಒಳ್ಳೇ ಬೆಡ್‌ಶೀಟು! ಆ ಮುಟ್ಠಾಳ ಬೆಡ್‌ಶೀಟು ಸಮೇತ ಕಳಿಸಿದಾನೆ!"

ಬೆಳಗಿನಿಂದ ಊರೂರು ಸುತ್ತಿ ಕಾಪಾಡಿದ್ದೆಲ್ಲ ಒಂದು ಹೂವಿನ ಬೆಡ್‌ಶೀಟಿನಿಂದ ಹೋಯಿತು.

ಅತ್ತೆ ಬಾಗಿಲು ತೆಗೆದು ಇಳಿದೇಬಿಟ್ಟರು. ಮಾವನೂ ಇಳಿದರು. ನನ್ನ ಗಂಡ ಸ್ಟೇರಿಂಗಿನ ಮೇಲೆ ಹಣೆಯಿಟ್ಟುಕೊಂಡರು. ಮಾವ ಟೆಂಪೋದ ಪಕ್ಕ ನಿಂತು ಬಹಳ ಹೊತ್ತು ನೋಡಿದರು. ಅತ್ತೆ ಬೆಡ್‌ಶೀಟಿನ ತುದಿ ಹಿಡಿದು ಎಳೆಯುತ್ತಿದ್ದರು. ಮಾವ ಅವರ ಕೈ ಹಿಡಿದರು.

"ಇರ್ಲಿ ಬಿಡೇ," ಅಂದರು. ಅವರು ಅಷ್ಟು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ಮುಚ್ಕೊಂಡು ಹೋಗ್ಲಿ."

ಅತ್ತೆ ಕೈಬಿಟ್ಟರು. ತುದಿಯನ್ನು ಚಕ್ರಕ್ಕೆ ಸಿಗದ ಹಾಗೆ ಹಗ್ಗದಡಿ ಸಿಕ್ಕಿಸಿದರು. ನನಗೆ ಅಳು ತಡೆಯಲಾಗಲಿಲ್ಲ.

ಕೆಂಪು ಬಟ್ಟೆ ಪಕ್ಕಕ್ಕೆ ಸರಿಯಿತು. ಟೆಂಪೋ ಅಲುಗಿತು. ಅತ್ತೆ ಮಗ್ಗದ ಕಬ್ಬಿಣವನ್ನು ತಟ್ಟಿ, ಮನೆಯಿಂದ ಹೊರಡುವ ಮಕ್ಕಳಿಗೆ ಹೇಳುವ ಹಾಗೆ ಬಾಯಿತಪ್ಪಿ "ಹೋಗ್ಬಾರಪ್ಪಾ" ಅಂದರು.

ಡ್ರೈವರು ತನಗೇ ಹೇಳಿದರು ಅಂದುಕೊಂಡ. ಕತ್ತು ಹೊರಗೆ ಹಾಕಿ ವಿನಯವಾಗಿ "ಬರ್ತೀನಮ್ಮಾ" ಅಂದ.

ಮಾವ ಅವನ ತುಟಿ ನೋಡಿದರು, ಅತ್ತೆಯ ಮುಖ ನೋಡಿದರು. "ಬರ್ತಾನಂತೆ ಕಣೇ! ಇನ್ನೇನು ತಗೊಂಡು ಹೋಗೋಕೋ ಕೇಳು!" ಅಂತ ಕೂಗಿ, ರಸ್ತೆಯ ಮಧ್ಯದಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆಯುತ್ತಿದ್ದವು. ಅದೂ ಅವರಿಗೆ ಕೇಳಿಸಲಿಲ್ಲ.

ಹೊಸ್ತಿಲು

ಮನೆಗೆ ಬಂದಾಗ ಮಗ್ಗದ ಮನೆ ಗುಡಿಸಿತ್ತು. ಮಗ್ಗ ಇದ್ದ ಜಾಗದಲ್ಲಿ ನೆಲ ಬೇರೆ ಬಣ್ಣದಲ್ಲಿತ್ತು. ಮಾವ ಬಾಗಿಲಲ್ಲೇ ನಿಂತು ನೋಡಿ, ಲೈಟ್ ಆರಿಸಿ, ಬಾಗಿಲು ಮುಂದೆ ಮಾಡಿಕೊಂಡು ಬಂದರು. ಕಾಫಿಗೆ ಹಾಲಿರಲಿಲ್ಲ. "ನಾನು ತರ್ತೀನಿ" ಅಂತ ಚೀಲ ಹಿಡಿದು ಮಾವನೇ ಹೊರಟರು. ಹೊಸ್ತಿಲಲ್ಲಿ ನಿಂತರು. ಬಾಗಿಲ ಚೌಕಟ್ಟಿನ ಮೇಲೆ ಕೈಯಿಟ್ಟು, ಒಳಗೆ ತಿರುಗಿ "ಬರ್ತೀನಿ" ಅಂದು ಇಳಿದು ಹೋದರು.

ಅತ್ತೆ ಅಡುಗೆಮನೆಯಿಂದ ಬಂದರು. "ಏನಂದ್ರು?"

"ಬರ್ತೀನಿ ಅಂದ್ರು ಅತ್ತೆ."

"ಯಾರಿಗೆ?"

"ನಿಮಗೇ."

ಅತ್ತೆ ನಂಬಲಿಲ್ಲ. ಮಗ್ಗದ ಮನೆಯ ಬಾಗಿಲು ತಳ್ಳಿ ಒಳಗೆ ಇಣುಕಿದರು. ಅಲ್ಲಿ ಯಾರೂ, ಏನೂ ಇಲ್ಲ ಅಂತ ಖಾತ್ರಿಯಾದ ಮೇಲೆ ಸೆರಗು ಸರಿಮಾಡಿಕೊಂಡು ಬೀದಿಗೆ ಓಡಿದರು. ನಾನೂ ಹಿಂದೆ ಹೋದೆ. ಬೀದಿಯ ಮಗ್ಗಗಳೆಲ್ಲ ಓಡುತ್ತಿದ್ದವು. ಅವುಗಳ ಸದ್ದಿನ ಮೇಲೆ ಅತ್ತೆ ಇದ್ದಬದ್ದ ದನಿಯೆಲ್ಲ ಸೇರಿಸಿ, "ಹೋಗ್ಬನ್ನೀ!" ಅಂತ ಕೂಗಿದರು. ಅಕ್ಕಪಕ್ಕದ ಮನೆಯವರೆಲ್ಲ ಹೊರಗೆ ಬಂದರು.

ಮಾವ ಬೀದಿಯ ತುದಿಯಲ್ಲಿ ಯಾಕೋ ತಿರುಗಿದರು. ಅತ್ತೆಯ ತುಟಿಯನ್ನೇ ನೋಡಿದರು. ಬೆಳಗಿನಿಂದ ನಮ್ಮೆಲ್ಲರ ಗುಟ್ಟನ್ನೂ ಒಂದಕ್ಷರ ತಪ್ಪದೆ ಓದಿದ ಮನುಷ್ಯ ಅವರು. ಆದರೆ ಆ ತುಟಿ ತಮಗೆ ಆ ಮಾತು ಹೇಳಿದ್ದನ್ನು ಅವರು ಯಾವತ್ತೂ ನೋಡಿರಲಿಲ್ಲವಲ್ಲ.

ಕೈಯೆತ್ತಿ, ಬೀದಿಗೆಲ್ಲ ಕೇಳುವ ಹಾಗೆ ಉತ್ತರ ಕೊಟ್ಟರು.

"ಅರ್ಧ ಲೀಟರೇ ತಾನೇ? ಗೊತ್ತು ನಡಿಯೇ!"