ಬಲಗಡೆ ಸೀಟಿನ ಸದ್ದನ್ನು ಲೆಕ್ಕಕ್ಕೆ ಹಿಡಿಯದ ಟೈರು ಚೀಟಿಯವರಿಗೆ

ಮಾನ್ಯ ಟೈರು ಚೀಟಿಯವರೇ,

ಹೊಸ ಟೈರಿನ ಮೈಗೆ ಅಂಟಿಕೊಂಡು, ಅಂಗೈಯಗಲದ ಜಾಗದಲ್ಲಿ ಟೈರಿನ ಗುಣ ಹೇಳುವ ಮೂರು ದರ್ಜೆಗಳನ್ನೂ ಮೂಲೆಯಲ್ಲಿ ಮೊಬೈಲಿಗೆ ತೋರಿಸುವ ಚೌಕಳಿ ಚಿತ್ತಾರವೊಂದನ್ನೂ ಧರಿಸಿ, ಯಾರು ಏನೆಂದರೂ ಬಣ್ಣ ಬದಲಿಸದೆ ವಿರಾಜಮಾನರಾಗಿರುವ ತಮಗೆ, ಇಟಲಿಯ ಕಾರ್ನಿಯಾ ಸೀಮೆಯ ಈ ಗುಡ್ಡದೂರಿನ ಅಂಚೆ ಗುಮಾಸ್ತನಾದ ಎರ್ಮೆಸ್ ಚಿಮೆಂತಿ ತಲೆಬಾಗಿ ಮಾಡುವ ನಮಸ್ಕಾರಗಳು. ತಾವು ಕ್ಷೇಮವೆಂದು ನನಗೆ ಖಚಿತವಾಗಿ ಗೊತ್ತು. ಏಕೆಂದರೆ ತಮ್ಮನ್ನು ಹರಿಯದಂತೆ ಟೈರಿನಿಂದ ಬಿಡಿಸಿ ನಮ್ಮ ಅಡುಗೆಮನೆಯ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದವನು ನಾನೇ. ಅಲ್ಲಿ ತಮ್ಮ ದಾಯಾದಿಗಳಾದ, ಫ್ರಿಜ್ಜಿನ ವಿದ್ಯುತ್ ಖರ್ಚಿನ ದರ್ಜೆ ಹೇಳುವ ಚೀಟಿಯವರು ಆರು ವರ್ಷದಿಂದ ವಾಸವಾಗಿದ್ದಾರೆ, ಹಾಗಾಗಿ ತಮಗೆ ಬೇಸರವಾಗುತ್ತಿರಲಾರದು.

ದೂರಿಗೆ ಮುನ್ನ ದೂರುದಾರನ ಸ್ಥಿತಿ ತಮಗೆ ತಿಳಿದಿರಲಿ. ನನ್ನಲ್ಲಿ ಎರಡೇ ಸೀಟಿನ, ಬಟ್ಟೆಯ ಮಾಡಿನ, ಹಸಿರು ಬಣ್ಣದ ಪುಟ್ಟ ಸ್ಪೋರ್ಟ್ಸ್ ಕಾರೊಂದಿದೆ. ಊರವರು ಅದನ್ನು ಜೀರುಂಡೆ ಎನ್ನುತ್ತಾರೆ. ಗಾತ್ರ ನೋಡಿಯೋ ಸದ್ದು ಕೇಳಿಯೋ, ನಾನು ವಿಚಾರಿಸಿಲ್ಲ. ಎಡಗಡೆ ಸ್ಟೀರಿಂಗಿನ ಮುಂದೆ ನಾನು, ಬಲಗಡೆ ಸೀಟಿನಲ್ಲಿ ನನ್ನ ಹೆಂಡತಿ ನೀವೆಸ್, ಇದು ಹದಿನೇಳು ಬೇಸಿಗೆಗಳು ನಡೆದುಬಂದ ಏರ್ಪಾಡು. ಜೂನ್ ತಿಂಗಳ ಭಾನುವಾರಗಳಲ್ಲಿ ಘಾಟಿ ಹತ್ತಿ, ಆಚೆ ಇಳಿದು, ಅವಳ ಅಕ್ಕನ ಮನೆಗೆ ಊಟಕ್ಕೆ ಹೋಗುವುದು ನಮ್ಮ ಪದ್ಧತಿ. ನೀವೆಸ್ ಹಳ್ಳಿಹಳ್ಳಿಯ ಮುದುಕರ ಮನೆಗೆ ಹೋಗಿ ಬಿ.ಪಿ. ನೋಡಿ ಸೂಜಿ ಚುಚ್ಚಿ ಬರುವ ಸರ್ಕಾರಿ ನರ್ಸು. ಜನವರಿಯ ಹಿಮದಲ್ಲೂ ಇಲಾಖೆಯ ಹಳೆಯ ಬಿಳಿ ಕಾರನ್ನು ತಾನೇ ಓಡಿಸಿಕೊಂಡು ಆ ಘಾಟಿಯ ಎಲ್ಲ ತಿರುವುಗಳನ್ನೂ ಹತ್ತಿ ಇಳಿಯುತ್ತಾಳೆ. ಈ ಕೊನೆಯ ಸಂಗತಿಗೂ ನನ್ನ ದೂರಿಗೂ ಯಾವ ಸಂಬಂಧವೂ ಇಲ್ಲ, ಅರ್ಜಿ ಪೂರ್ಣವಾಗಿರಲಿ ಎಂದು ಬರೆದೆನಷ್ಟೆ.

ಎರಡು ವರ್ಷದ ಹಿಂದಿನ ಜೂನಿನಲ್ಲಿ, ಮಳೆ ಬಂದು ನಿಂತ ರಸ್ತೆಯಲ್ಲಿ, ಬುಗ್ಗೆ ತಿರುವು ಎಂದು ನಾವು ಕರೆಯುವ ಕಡೆ, ಜೀರುಂಡೆಯ ಹಿಂಭಾಗವು ಮುಂಭಾಗಕ್ಕಿಂತ ಮೊದಲು ತಾನೇ ಊಟಕ್ಕೆ ತಲುಪುವ ಆತುರ ತೋರಿಸಿದ್ದರಿಂದ, ಕಾರು ಗಿರ್ರನೆ ತಿರುಗಿ ಬಂದ ದಾರಿಗೇ ಮುಖಮಾಡಿ ನಿಂತಿತು. ಯಾರಿಗೂ ಒಂದು ಗೀರೂ ಆಗಲಿಲ್ಲ. ಅಕ್ಕನ ಮನೆಯಲ್ಲಿ ಬೇಯಿಸಲೆಂದು ನೀವೆಸ್ ತಟ್ಟೆಯಲ್ಲಿ ಜೋಡಿಸಿ ಮಡಿಲಲ್ಲಿಟ್ಟುಕೊಂಡಿದ್ದ ಚಾರ್ಸೊನ್ ಕಡುಬುಗಳು, ಒಳಗೆ ಒಣದ್ರಾಕ್ಷಿಯ ಹೂರಣವಿದ್ದ ಇಪ್ಪತ್ತನಾಲ್ಕು, ಡ್ಯಾಶ್‌ಬೋರ್ಡು, ಗಾಜು, ನನ್ನ ಅಂಗಿಯ ಕಾಲರು ಎಂದು ಸಿಕ್ಕ ಕಡೆಯೆಲ್ಲ ಸ್ಥಳ ಹಿಡಿದವು. ಅವಳು ಇಳಿದಳು, ಸ್ಕರ್ಟಿನ ಹಿಟ್ಟು ಕೊಡವಿಕೊಂಡಳು, ಊರಿಗೆ ನಡೆದೇ ಹೋದಳು. ಅಂದಿನಿಂದ ಬಲಗಡೆ ಸೀಟಿನಲ್ಲಿ ನನ್ನ ಕೊಡೆ ಕೂರುತ್ತಿದೆ. ಕೊಡೆ ಒಳ್ಳೆಯದೇ, ತಕರಾರಿಲ್ಲದ ಜೊತೆ. ಆದರೆ ಘಾಟಿಯ ತುದಿಯಲ್ಲಿ ಕಾರು ನಿಲ್ಲಿಸಿ 'ನೋಡು' ಎಂದರೆ ನೋಡುವುದಿಲ್ಲ.

ತಪ್ಪು ಯಾರದೆಂದು ನಾನು ಅಂದೇ ಪತ್ತೆ ಹಚ್ಚಿದೆ: ಟೈರುಗಳದು. ಮೇಲಿನ ಗೆರೆಗಳೇನೋ ಸವೆದಿರಲಿಲ್ಲ, ಆದರೆ ಪಕ್ಕದಲ್ಲಿ ಅಚ್ಚಾಗಿದ್ದ ತಾರೀಕಿನ ಪ್ರಕಾರ ಅವಕ್ಕೆ ಒಂಬತ್ತು ವರ್ಷ ತುಂಬಿ, ರಬ್ಬರು ಎಷ್ಟು ಗಟ್ಟಿಯಾಗಿತ್ತೆಂದರೆ ಉಗುರಿನಿಂದ ಒತ್ತಿದರೆ ಉಗುರೇ ಮಣಿಯುತ್ತಿತ್ತು. ಈ ಸತ್ಯವನ್ನು ಎರಡು ವರ್ಷ ಕಾಲ, ಊಟಕ್ಕೆ ಮುಂಚೆ ಒಮ್ಮೆ ಊಟವಾದ ಮೇಲೆ ಒಮ್ಮೆ, ಔಷಧಿಯಂತೆ ನೀವೆಸಳಿಗೆ ಕೊಟ್ಟೆ. ಕೊನೆಗೆ ಈ ಏಪ್ರಿಲ್‌ನಲ್ಲಿ, ಊರಲ್ಲಿ ಎಲ್ಲರೂ ಚಳಿಗಾಲದ ಟೈರು ಬಿಚ್ಚಿಸಿ ಬೇಸಿಗೆಯವನ್ನು ಸೌದೆಮನೆಯಿಂದ ಹೊರಗೆಳೆಯುವ ವಾರ, ಅವಳು ಒಣಗಿದ ಬಟ್ಟೆ ಮಡಿಸುತ್ತಾ ಅಂದಳು:

"ಸರಿ, ಹೊಸದು ಹಾಕ್ಸು. ಒದ್ದೆ ರಸ್ತೇಲಿ ಹಿಡೀಬೇಕು. ಒಳಗೆ ಕೂತು ಮಾತಾಡಿದ್ರೆ ಕೇಳಿಸ್ಬೇಕು. ಎರಡೂ ಇದ್ರೆ ಒಂದು ಸಲ ಬರ್ತೀನಿ. ಆಮೇಲಿಂದು ಆಮೇಲೆ."

ಮಾನ್ಯರೇ, ತಮ್ಮ ಆಗಮನಕ್ಕೆ ಇದು ಪೀಠಿಕೆ.

ಆಯ್ಕೆ ಸುಲಭದ್ದಾಗಿರಲಿಲ್ಲ. ಜೀರುಂಡೆಯ ಚಕ್ರ ಹದಿನೈದು ಇಂಚಿನದು. ಈಗಿನ ಕಾರುಗಳೆಲ್ಲ ಉಂಡು ಉಬ್ಬಿ ಬೆಳೆದಿರುವುದರಿಂದ ಚುರುಕಿನ ಟೈರು ಮಾಡುವವರೂ ಹದಿನೇಳು, ಹದಿನೆಂಟು ಇಂಚಿಗೆ ಏರಿ ಕೂತು, ನಮ್ಮಂಥ ಕುಳ್ಳರ ಕಡೆ ಬಗ್ಗಿ ನೋಡುವುದನ್ನೇ ಬಿಟ್ಟಿದ್ದಾರೆ. ಹೋಗಲಿ, ದೊಡ್ಡ ಚಕ್ರವನ್ನೇ ಹಾಕಿಸೋಣವೆಂದರೆ ಕಾರಿನ ನೋಂದಣಿ ಪುಸ್ತಕದಲ್ಲಿ ಒಂದೇ ಒಂದು ಅಳತೆ ನಮೂದಾಗಿದೆ. ಬೇರೆಯದನ್ನು ಹಾಕಿಕೊಂಡು ತಪಾಸಣೆಗೆ ಹೋದರೆ ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುತ್ತಾರೆ. ಹೀಗಾಗಿ ವಿಷಯವು ನಮ್ಮೂರ ಪದ್ಧತಿಯಂತೆ ಇಲ್ವಾಳ ಬಾರಿನಲ್ಲಿ ಸಭೆಗೆ ಬಂತು. ನಮ್ಮಲ್ಲಿ ಟೈರು ಕೊಳ್ಳುವವನು ಒಬ್ಬ, ಆರಿಸುವವರು ಊರೆಲ್ಲ.

ಟೈರು ಅಂಗಡಿಯ ಡುಯಿಲಿಯೋ, ಶಾಲೆಯಲ್ಲಿ ನನ್ನ ಬೆಂಚಿನವನು, ರೇಸಿನವರು ಹಾಕಿಕೊಳ್ಳುವ ಮೆತ್ತನೆ ರಬ್ಬರಿನ, ಹೆಚ್ಚು ಗೆರೆಗಳೇ ಇಲ್ಲದ ಬೋಳು ಜಾತಿಯೊಂದನ್ನು ಹೊಗಳಿ, "ಇದನ್ನ ಹಾಕ್ಕೊಂಡ್ರೆ ಚರ್ಚಿನ ಗೋಡೆ ಮೇಲೂ ಓಡಿಸ್ಬೋದು ಕಣೋ" ಎಂದ. ಮಳೆಯಲ್ಲಿ ಹೇಗೆ ಎಂದು ಕೇಳಿದ್ದಕ್ಕೆ ಆಕಾಶ ನೋಡಿ, ಇಂಥ ದಿನದಲ್ಲಿ ಮಳೆಯ ಮಾತೇಕೆ ಎಂದ. ಮೂವತ್ತೊಂದು ವರ್ಷ ಅದೇ ಘಾಟಿಯಲ್ಲಿ ಬಸ್ಸು ಓಡಿಸಿ ನಿವೃತ್ತನಾದ ಓಲಿಂದೋ, ಈಗಲೂ ಮನಸ್ಸು ತಡೆಯದೆ ದಿನವೂ ಬುಗ್ಗೆ ತಿರುವಿನ ಕಲ್ಲುಬೆಂಚಿನ ಮೇಲೆ ಕೂತು ಹೋಗಿಬರುವ ವಾಹನಗಳಿಗೆ ಮನಸ್ಸಿನಲ್ಲೇ ಅಂಕ ಕೊಡುವವನು, ಬೇಸಿಗೆ ಚಳಿ ಎನ್ನದೆ ವರ್ಷವಿಡೀ ನಡೆಯುವ ಒಂದೇ ಸೆಟ್ಟು ಸಾಕೆಂದ. ಗ್ಲಾಸು ಖಾಲಿ ಮಾಡಿ ಏಳುವಾಗ ಇನ್ನೊಂದು ಮಾತನ್ನೂ ಸೇರಿಸಿದ: "ಯಾವ್ದಾದ್ರೂ ಹಾಕ್ಸಿ ಅಂಚೆಯವ್ರೇ, ತಿರುವು ಮಾತ್ರ ಅದೇ ಇರುತ್ತೆ." ಅದರಲ್ಲಿ ಟೈರಿನ ಬಗ್ಗೆ ಏನೂ ಇಲ್ಲದ್ದರಿಂದ ನಾನು ಗಮನಕ್ಕೆ ತೆಗೆದುಕೊಳ್ಳಲಿಲ್ಲ. ಬಾರಿನೊಡತಿ ಇಲ್ವಾ ಅಭಿಪ್ರಾಯಕ್ಕೊಂದರಂತೆ ಸಣ್ಣ ಗ್ಲಾಸಿನಲ್ಲಿ ಬಿಳಿ ವೈನು ಸುರಿಯುತ್ತಿದ್ದಳು, ಆದ್ದರಿಂದ ಅಭಿಪ್ರಾಯಗಳು ಸುರಿಯುತ್ತಲೇ ಇದ್ದವು.

ಆ ಗದ್ದಲದ ಮರುದಿನ, ಡುಯಿಲಿಯೋನ ಅಂಗಡಿಯ ಮೂಲೆಯಲ್ಲಿ, ತಾವು ನನ್ನ ಕಣ್ಣಿಗೆ ಬಿದ್ದಿರಿ. ಕುಡಿಯದವರು, ಕೂಗದವರು, ಯಾರ ಸಹಪಾಠಿಯೂ ಅಲ್ಲದವರು. ಎ ಅತ್ಯುತ್ತಮ, ಇ ಅತಿ ಕಳಪೆ ಎಂಬ ಲೆಕ್ಕದಲ್ಲಿ ಇಂಧನ ಉಳಿತಾಯಕ್ಕೆ ಸಿ ಎಂದು ತಾವು ಪ್ರಾಮಾಣಿಕವಾಗಿ ಒಪ್ಪಿಕೊಂಡ ಬಗೆಯೇ ನನಗೆ ಹಿಡಿಸಿತು. ಅದರ ಪಕ್ಕದಲ್ಲಿ ಒದ್ದೆ ರಸ್ತೆಯ ಹಿಡಿತಕ್ಕೆ ಎ. ಕೆಳಗೆ ಸದ್ದಿನ ಅಲೆಗಳ ಚಿತ್ರ, ಅರವತ್ತೆಂಟು ಡೆಸಿಬೆಲ್, ಅದಕ್ಕೂ ಎ. ನೀವೆಸ್ ಕೇಳಿದ್ದು ಎರಡು, ತಾವು ಕೊಟ್ಟಿದ್ದು ಎರಡು ಎ. ಇಷ್ಟು ಸ್ಪಷ್ಟ ಉತ್ತರ ಅಂಚೆ ಇಲಾಖೆಯ ಇಪ್ಪತ್ತು ವರ್ಷದ ನೌಕರಿಯಲ್ಲಿ ನನಗೆ ಯಾವ ಕಾಗದದಿಂದಲೂ ಸಿಕ್ಕಿರಲಿಲ್ಲ. ನಾಲ್ಕನ್ನೂ ಹಾಕಿಸಿದೆ, ತಮ್ಮನ್ನು ಫ್ರಿಜ್ಜಿಗೆ ಅಂಟಿಸಿದೆ, ಪಕ್ಕದಲ್ಲಿ ಒಂದು ಚೂರು ಕಾಗದದಲ್ಲಿ ಬರೆದೆ:

ಹಿಡಿತಕೂ ಎ, ಸದ್ದಿಗೂ ಎ, ಇನ್ನೇನು ಬೇಕು ಹೇಳೆ,
ಬಲಗಡೆ ಸೀಟಿನ ಧೂಳು ಒರೆಸಿ ಕಾದಿರುವೆನು, ಏಳೆ.

ನೀವೆಸ್ ಹಾಲು ತೆಗೆಯಲು ಬಂದವಳು ಅದನ್ನೂ ತಮ್ಮನ್ನೂ ಓದಿ, ಪ್ರಾಸ ಚೆನ್ನಾಗಿದೆ ಎಂದಳು.

ಹೊಸ ರಬ್ಬರು ಮೊದಮೊದಲು ಜಾರುತ್ತದೆ, ನೂರು ಕಿಲೋಮೀಟರು ಸಾವಧಾನವಾಗಿ ಓಡಿಸು ಎಂದು ಡುಯಿಲಿಯೋ ಹೇಳಿದ್ದ. ಹಾಗೆಯೇ ಕಣಿವೆಯ ಹೊಸ ಡಾಂಬರಿನ ಮೇಲೆ ಕೊಡೆಯನ್ನು ಕೂರಿಸಿಕೊಂಡು ನೂರಾಹತ್ತು ಓಡಿಸಿದೆ. ಕೊಡೆಯೊಡನೆ ಮಾತಾಡುವ ಅಭ್ಯಾಸ ನನಗಿಲ್ಲದ್ದರಿಂದ, ಮಾತು ಕೇಳಿಸುತ್ತದೆಯೋ ಇಲ್ಲವೋ ಎಂಬ ಪ್ರಶ್ನೆ ಹುಟ್ಟಲಿಲ್ಲ.

ಜೂನ್ ಬಂತು, ಭಾನುವಾರ ಬಂತು, ಬೇಕೆಂದೇ ಎಂಬಂತೆ ಒಂದು ಮಳೆಯೂ ಬಂದು ಹೋಯಿತು. ನೀವೆಸ್ ಮಡಿಲಲ್ಲಿ ತಟ್ಟೆಯಿಟ್ಟುಕೊಂಡು ಕೂತು, ಸೀಟ್ ಬೆಲ್ಟನ್ನು ಎರಡು ಸಲ ಎಳೆದು ನೋಡಿದಳು. ಊರ ಹೊರಗಿನ ಸೇತುವೆಯವರೆಗೆ ಅವಳು ಅಕ್ಕನ ಮೊಣಕಾಲಿನ ವಿಚಾರ ಹೇಳಿದಳು, ನಾನು ಕೇಳಿದೆ, ಬದುಕು ಸುಂದರವಾಗಿತ್ತು. ಸೇತುವೆ ದಾಟಿ ಘಾಟಿಯ ಜಲ್ಲಿ ಎದ್ದ ಹಳೇ ಡಾಂಬರು ಶುರುವಾದದ್ದೇ ತಡ, ತಮ್ಮ ಎ ದರ್ಜೆಯ ಟೈರುಗಳು ಬಾಯಿ ತೆರೆದವು. ಮಾನ್ಯರೇ, ಒರಟು ರಸ್ತೆ ಕೆಳಗೆ, ಬಿಗಿದ ಬಟ್ಟೆ ಮೇಲೆ, ನಡುವೆ ನಾವಿಬ್ಬರು: ನಗಾರಿಯ ಒಳಗೆ ಕೂತು ಯಾರಾದರೂ ಬಾರಿಸುವುದನ್ನು ಕೇಳಿದ್ದೀರಾ? ಮೊಣಕಾಲಿನ ಕಥೆ ಅರ್ಧದಲ್ಲೇ ಕೈಸನ್ನೆಗೆ ಇಳಿಯಿತು. ಉಸಿರಾಡಲು ಜಾಗವಾಗಲೆಂದು ನೀವೆಸ್ ತನ್ನ ಕಡೆಯ ಕಿಟಕಿ ಇಳಿಸಿದಳು.

ಆಗ ಬುಗ್ಗೆ ತಿರುವು ಬಂತು. ನಾನು ನನ್ನ ಎಂದಿನ ವೇಗದಲ್ಲೇ ಇದ್ದೆ. ಒಪ್ಪಿಕೊಳ್ಳಬೇಕಾದ್ದನ್ನು ಒಪ್ಪುತ್ತೇನೆ, ಹಿಡಿತದ ಎ ಪರಿಶುದ್ಧ ಎ. ಹೊಳೆಯುವ ಒದ್ದೆ ರಸ್ತೆಯ ಮೇಲೆ ಜೀರುಂಡೆ ಮೊಳೆ ಹೊಡೆದಂತೆ ನಿಂತು ತಿರುಗಿತು, ಹಿಂಭಾಗ ಹಿಂದೆಯೇ ಉಳಿಯಿತು, ಕಡುಬುಗಳಲ್ಲಿ ಎರಡು ಮಾತ್ರ ಸ್ವಲ್ಪ ಜರುಗಿದವು. ತಿರುವು ದಾಟಿದ ಆ ಗಳಿಗೆಯಲ್ಲಿ ನೀವೆಸ್ ಕಿಟಕಿಯ ಕಡೆ ಮುಖ ತಿರುಗಿಸಿ ಏನೋ ಹೇಳಿದಳು. ಸಣ್ಣ ಮಾತಲ್ಲ, ಉದ್ದದ ಮಾತು. ಅವಳ ದವಡೆ ಅಲ್ಲಾಡಿದ್ದನ್ನು ನೋಡಿದೆ. ಎರಡು ವರ್ಷ ನಾನು ಕಾದಿದ್ದ ಮಾತು ಅದು. ನನ್ನ ಕಿವಿಗೆ ಬಿದ್ದದ್ದು ತಮ್ಮ ಟೈರಿನ ಭೋರ್ಗರೆತ.

ತುದಿಯಲ್ಲಿ ಕಾರು ನಿಲ್ಲಿಸಿ ಏನೆಂದೆ ಎಂದು ಕೇಳಿದೆ. ಅವಳು ತಟ್ಟೆಯ ಮೇಲಿನ ಬಟ್ಟೆ ಸರಿಮಾಡಿ, "ಹೇಳಿದ್ದಾಯ್ತಲ್ಲ. ಎರಡನೇ ಸಲ ಹೇಳೋಂಥ ಮಾತಲ್ಲ ಅದು" ಎಂದಳು.

ಸಂಜೆ ಇಲ್ವಾಳ ಬಾರಿಗೆ ಹೋದರೆ, ನನ್ನನ್ನು ಕಂಡವರೆಲ್ಲ ತಮ್ಮ ತಮ್ಮ ಗ್ಲಾಸಿನ ತಳದಲ್ಲಿ ಏನನ್ನೋ ಹುಡುಕತೊಡಗಿದರು. ಓಲಿಂದೋ ಎಂದಿನಂತೆ ಆ ತಿರುವಿನ ಬೆಂಚಿನ ಮೇಲೆ, ನೀವೆಸಳ ಕಿಟಕಿಯಿಂದ ಐದು ಹೆಜ್ಜೆ ದೂರದಲ್ಲಿ ಕೂತಿದ್ದನಂತೆ. ಅವನಿಗೆ ಪ್ರತಿ ಅಕ್ಷರವೂ ಕೇಳಿಸಿತಂತೆ. ಅವನಿಂದ ಇಲ್ವಾಳಿಗೆ, ಇಲ್ವಾಳಿಂದ ಎಲ್ಲರಿಗೆ. ಏನೆಂದಳು ಎಂದು ಕೇಳಿದೆ. ಗಂಡ ಹೆಂಡಿರ ನಡುವಿನ ಮಾತನ್ನು ಮೂರನೆಯವರು ಆಡಬಾರದು ಎಂದು ಆರೇಳು ಜನ ಒಟ್ಟಾಗಿ ಹೇಳಿದರು. ನನ್ನ ಮುಖ ನೋಡಿ ಕನಿಕರಪಟ್ಟವನು ಡುಯಿಲಿಯೋ ಒಬ್ಬನೇ. ಚೀಟಿಯ ಮೇಲಿನ ಸದ್ದನ್ನು ಅಳೆಯುವುದು ಕಾರಿನೊಳಗಲ್ಲ, ರಸ್ತೆಯಂಚಿನಲ್ಲಿ ಮೈಕು ನೆಟ್ಟು, ಎಂಜಿನ್ ಆರಿಸಿದ ಕಾರನ್ನು ಅದರ ಮುಂದೆ ಹಾಯಿಸಿ ಎಂದು ವಿವರಿಸಿ, ಹೆಗಲ ಮೇಲೆ ಕೈಯಿಟ್ಟ.

"ಅದು ಹೊರಗಿನವರಿಗೆ ಕಣೋ ಎರ್ಮೆಸ್. ಒಳಗೆ ಕೂತೋರ ಬಗ್ಗೆ ಅದ್ರಲ್ಲಿ ಒಂದಕ್ಷರ ಇಲ್ಲ. ಓಲಿಂದೋಗೆ ಎಷ್ಟು ಚೆನ್ನಾಗಿ ಕೇಳಿಸ್ತು ನೋಡು. ಎ ಅಂದ್ರೆ ಅದು."

ಮಾನ್ಯರೇ, ತಾವು ಸುಳ್ಳು ಹೇಳಿಲ್ಲ. ಅದೇ ನನ್ನ ದೂರು. ಒಳಗೆ ಕೂತವರಿಗೆ ಗುಡುಗು, ಹೊರಗೆ ನಿಂತವರಿಗೆ ಬೆಡಗು ಎಂಬ ಈ ನೀತಿಯ ಹಿಂದೆ ಬಹುದೊಡ್ಡ ಲೋಕಹಿತವಿರಬೇಕು. ಬೆಂಚಿನ ಮೇಲಿನ ಒಬ್ಬ ನಿವೃತ್ತ ಚಾಲಕನ ನೆಮ್ಮದಿಗಾಗಿ ಇಷ್ಟು ಎಂಜಿನಿಯರುಗಳು ಬಿಸಿಲಲ್ಲಿ ಮೈಕು ಹಿಡಿದು ನಿಂತಿದ್ದಾರೆಂದು ತಿಳಿದು ನನ್ನ ಕಣ್ಣು ತುಂಬಿ ಬಂತು. ಆದರೂ ಸಣ್ಣ ಬಿನ್ನಹ. ತಮ್ಮ ಮೂರು ದರ್ಜೆಗಳ ಕೆಳಗೆ ಇನ್ನೂ ಎರಡು ಬೆರಳು ಜಾಗವಿದೆ. ಅಲ್ಲಿ 'ಬಲಗಡೆ ಸೀಟಿನ ಸದ್ದು' ಎಂಬ ನಾಲ್ಕನೆಯ ಸಾಲೊಂದನ್ನು ದಯಪಾಲಿಸಬೇಕು. ಅದು ತಡವಾಗುವುದಾದರೆ, ತಮ್ಮ ಮೈಕಿನವರಲ್ಲಿ ಒಬ್ಬರನ್ನು ಬುಗ್ಗೆ ತಿರುವಿಗೆ ಕಳಿಸಿ, ಆ ಭಾನುವಾರ ಅಲ್ಲಿ ಗಾಳಿಗೆ ಬಿದ್ದ ವಾಕ್ಯವನ್ನು ಹುಡುಕಿಸಿ, ಲಕೋಟೆಯಲ್ಲಿಟ್ಟು ರಿಜಿಸ್ಟರ್ ಅಂಚೆಯಲ್ಲಿ ರವಾನಿಸಬೇಕು. ಕೌಂಟರಿನಲ್ಲಿ ಸಹಿ ಹಾಕಿ ಪಡೆಯುವವನೂ ನಾನೇ, ಪಡೆದದ್ದಕ್ಕೆ ಮುದ್ರೆ ಒತ್ತುವವನೂ ನಾನೇ. ಆ ವಾಕ್ಯ 'ಇನ್ನು ಪ್ರತಿ ಭಾನುವಾರ ಬರುತ್ತೇನೆ' ಎಂದಿರಬಹುದು, 'ಇನ್ನೆಂದೂ ಬರುವುದಿಲ್ಲ' ಎಂದಿರಬಹುದು. ಅದು ತಿಳಿಯುವವರೆಗೆ ಕೊಡೆಯನ್ನು ಸೀಟಿನ ಮೇಲೆ ಮತ್ತೆ ಇಡಲೂ ನನಗೆ ಧೈರ್ಯವಿಲ್ಲ, ಮನೆಯೊಳಗೆ ತಂದು ನೇತುಹಾಕಲೂ ಧೈರ್ಯವಿಲ್ಲ. ಸದ್ಯಕ್ಕೆ ಅದನ್ನು ಕಂಕುಳಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದೇನೆ, ಬಿಸಿಲಲ್ಲೂ.

ತಮ್ಮ ಹಿಡಿತವನ್ನು ಮೆಚ್ಚಿ, ತಮ್ಮ ಸದ್ದಿಗೆ ಬೆಚ್ಚಿ,

ತಮ್ಮ ವಿಶ್ವಾಸಿ,
ಎರ್ಮೆಸ್ ಚಿಮೆಂತಿ

ಮರೆತ ಮಾತು: ಈ ಪತ್ರಕ್ಕೆ ಮುದ್ರೆ ಒತ್ತುವ ಮೊದಲೇ ಇನ್ನೊಂದು ಭಾನುವಾರ ಬಂದುಬಿಟ್ಟಿತು. ಬೆಳಿಗ್ಗೆ ನೋಡಿದರೆ ಗೋಡೆಯ ಮೊಳೆಯಲ್ಲಿ ಕಾರಿನ ಕೀ ಇರಲಿಲ್ಲ. ನೀವೆಸ್ ಅಂಗಳದಲ್ಲಿ ಸ್ಟೀರಿಂಗಿನ ಮುಂದೆ ಕೂತು ಎಂಜಿನ್ ಚಾಲು ಮಾಡಿದ್ದಳು. ಎರಡನೇ ಸಲ ಹೇಳುವುದಿಲ್ಲವೆಂದಿದ್ದವಳು ಅಂತೂ ಹೇಳಿದಳು: "ಟೈರಿಂದೇನೂ ತಪ್ಪಿಲ್ಲ, ಹಳೇದರದ್ದೂ ಇರ್ಲಿಲ್ಲ. ಇನ್ಮೇಲೆ ಘಾಟಿ ಹತ್ಸೋದು ನಾನು ಅಂದೆ. ಊರಿಗೆಲ್ಲ ಕೇಳಿಸ್ತು. ಕೂತ್ಕೋ, ತಟ್ಟೆ ಹಿಡ್ಕೋ." ಕೊಡೆಯನ್ನು ಬಾಗಿಲ ಹಿಂದೆ ನೇತುಹಾಕಿ ಬಂದು ಬಲಗಡೆ ಕೂತೆ. ಬುಗ್ಗೆ ತಿರುವಿನಲ್ಲಿ ಮೂರು ಸಲ 'ನಿಧಾನ' ಎಂದು ಕೂಗಿದೆ; ಅವಳು ಕಿವಿಯ ಕಡೆ ಬೆರಳು ತೋರಿಸಿ ತಲೆಯಾಡಿಸಿದಳು. ಓಲಿಂದೋಗೆ ಮಾತ್ರ ಮೂರೂ ಕೇಳಿಸಿರಬೇಕು, ಬೆಂಚಿನಿಂದ ಎದ್ದು ನಿಂತು ಟೋಪಿ ತೆಗೆದ, ನನಗಲ್ಲ. ಇಪ್ಪತ್ತನಾಲ್ಕು ಕಡುಬುಗಳಲ್ಲಿ ಒಂದೂ ಕದಲಲಿಲ್ಲ. ಘಾಟಿಯ ತುದಿಯಲ್ಲಿ ಅವಳು ಕಾರು ನಿಲ್ಲಿಸಿ 'ನೋಡು' ಎಂದಳು, ನೋಡಿದೆ. ಮನೆಗೆ ಬಂದ ಮೇಲೆ ಫ್ರಿಜ್ಜಿನ ಬಾಗಿಲಲ್ಲಿ, ತಮ್ಮ ಮೂರು ದರ್ಜೆಗಳ ಕೆಳಗಿನ ಆ ಎರಡು ಬೆರಳು ಜಾಗದಲ್ಲಿ, ಮೇಜಿನ ಮೇಲಿದ್ದ ಈ ಪತ್ರವನ್ನು ಓದಿಬಿಟ್ಟಿದ್ದ ನೀವೆಸ್ ಪೆನ್ಸಿಲಿನಿಂದ ಬರೆದ ನಾಲ್ಕನೆಯ ಸಾಲು ಕಾಣಿಸಿತು: 'ಬಲಗಡೆ ಸೀಟಿನ ಸದ್ದು: ಇ'. ಸದ್ದಿನ ದರ್ಜೆ ತಮ್ಮಲ್ಲಿ ಸಿ ಗೇ ಮುಗಿಯುತ್ತದೆ ಎಂದು ನಾನು ಅಡುಗೆಮನೆಯಲ್ಲೇ ನಿಂತು ಆಕ್ಷೇಪಿಸಿದೆ. ಅದೂ ಅವಳಿಗೆ ಕೇಳಿಸಲಿಲ್ಲವಂತೆ.